ಹುಲ್ಲು: ಕಡಿಮೆ

ಸಾಲಗಾಮೆ ರಸ್ತೆಯಲ್ಲಿ, ಬೇಕರಿಯ ಮಾಳಿಗೆ ಮೇಲೆ
ತಬ್ರೇಜನ ಅಂಗಡಿ. ಮೆಟ್ಟಿಲು ಹತ್ತುವಾಗ
ಮೊದಲು ಬನ್ನು ಬೇಯುವ ವಾಸನೆ, ಆಮೇಲೆ ಸೋಲ್ಡರಿನ ಹೊಗೆ.
ಗಾಜಿನ ಮೇಲೆ ಹಳೇ ಪೇಪರು ಹಾಸಿ
ಎರಡು ಕಾರ್ಡು ಮಲಗಿಸಿದ, ಸಂತೆಯ ಮೀನಿನ ಹಾಗೆ.
"ನೋಡಿ ಹೇಮಕ್ಕ, ನಿಮ್ಮ ದುಡ್ಡಿಗೆ ಇವೆರಡೇ."

ನನ್ನ ದುಡ್ಡೆಂದರೆ
ಇಪ್ಪತ್ತು ತಿಂಗಳ ಚೀಟಿ, ಕಮಿಷನ್ ಕಳೆದು
ಹದಿಮೂರು ಸಾವಿರದ ನಾನೂರು.
ಸೀರೆಗೆ ಅಂದುಕೊಂಡಿದ್ದಾರೆ ಮನೆಯಲ್ಲಿ. ಅಂದುಕೊಳ್ಳಲಿ.

ಒಂದು ಹೊಸದು. ಒಂದೇ ಫ್ಯಾನು, ನಾಲ್ಕು ಜಿಬಿ,
ಬಿಸ್ಕತ್ತಿನ ಪೊಟ್ಟಣದಷ್ಟು ಹಗುರ,
ಮೂರು ವರ್ಷ ವಾರಂಟಿ, ಬಿಲ್ಲಿಗೆ ಸೀಲು.
ಬೇರೆ ವೈರು ಕೇಳುವುದಿಲ್ಲ,
ಬೋರ್ಡು ಬಡಿಸಿದಷ್ಟು ಉಂಡು ಸುಮ್ಮನಿರುತ್ತದೆ.
ಹದಿಮೂರು ಸಾವಿರ, ಚೌಕಾಸಿ ಇಲ್ಲ.

ಇನ್ನೊಂದು ಎಲ್ಲಿಯದೋ ಶೆಡ್ಡಿನಿಂದ ಬಂದದ್ದು.
ಕಣ್ಣಿಗೆ ಕಾಣದ ನಾಣ್ಯ ಅಗೆಯುತ್ತ
ಎರಡು ವರ್ಷ ರೆಪ್ಪೆ ಮುಚ್ಚಿರಲಿಲ್ಲವಂತೆ.
ಎಂಟು ಜಿಬಿ. ಎರಡು ಫ್ಯಾನು. ಎತ್ತಿದರೆ ಕೈ ಜಗ್ಗುತ್ತದೆ.
ಸ್ಕ್ರೂಗಳ ತಲೆ ಸವೆದಿದೆ, ಅಂಚಿನಲ್ಲಿ
ಯಾರೋ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ ಗುರುತು.
ಹತ್ತೂವರೆ. "ನಿಮಗಾದರೆ ಹತ್ತು."

ನಮ್ಮಪ್ಪ ಎಪಿಎಂಸಿ ಯಾರ್ಡಿನಲ್ಲಿ ಬಿತ್ತನೆ ಆಲೂಗಡ್ಡೆ ಆರಿಸುವಾಗ
ಜಲಂಧರಿನ ಮೂಟೆಗೆ ಕೈಹಾಕಿ ಒಂದನ್ನೆತ್ತಿ
ಚಾಕುವಿನಲ್ಲಿ ಸೀಳಿ, ಒಳಗೆ ಕಂದು ಉಂಗುರ ಕಂಡರೆ
ಮಾತಿಲ್ಲದೆ ಮುಂದಿನ ಮೂಟೆಗೆ ಹೋಗುತ್ತಿದ್ದ.
ಇದನ್ನು ಸೀಳಿ ನೋಡುವುದು ಹೇಗೆ?

"ಓಡಿಸಿಯೇ ನೋಡಿ" ಎಂದ.

ಓಡಿಸಿದೆ. ಅದೇ ಆಟ, ಅದೇ ಬೆಟ್ಟ, ಅದೇ ಕುದುರೆ.
ಹೊಸದರಲ್ಲಿ ನಲವತ್ತೆರಡು ಫ್ರೇಮು,
ಬೆಟ್ಟ ಬೋಳು, ದೂರದ ಮರಗಳು ರಟ್ಟಿನವು.
ಹಳೆಯದರಲ್ಲಿ ಅರವತ್ತೊಂದು, ಮತ್ತೆ
ಅಯ್ಯೋ, ಹುಲ್ಲು!
ಗಾಳಿ ಬೀಸಿದತ್ತ ಮಲಗಿ, ಎದ್ದು, ಮತ್ತೆ ಮಲಗಿ
ಗುಡ್ಡದ ನೆತ್ತಿವರೆಗೂ ಎಳೆಎಳೆ ಹುಲ್ಲು,
ಕುದುರೆ ಹೊಟ್ಟೆಯ ಕೆಳಗೆ ಅದರದೇ ನೆರಳು.
ಆಮೇಲೆ ಫ್ಯಾನು ಎದ್ದಿತು.
ಎದ್ದಿತೆಂದರೆ, ಗಿರಣಿಗೆ ರಾಗಿ ಸುರಿದ ಹಾಗೆ.
ತಬ್ರೇಜ ಏನೋ ಹೇಳುತ್ತಿದ್ದ, ಬಾಯಷ್ಟೇ ಕಂಡಿತು.

ನನ್ನ ಡಬ್ಬದ ಪವರ್ ಸಪ್ಲೈ ಬಡಕಲು,
ಹಳೆಯದನ್ನು ತಂದರೆ ಅದಕ್ಕೊಂದು ಮೂರು ಸಾವಿರ.
ಎಮ್ಮೆ ಅಗ್ಗ, ಕೊಟ್ಟಿಗೆ ದುಬಾರಿ.
ಕೂಡಿ ನೋಡಿದರೆ ಎರಡಕ್ಕೂ ಒಂದೇ ಬೆಲೆ.
ದುಡ್ಡು ತೀರ್ಪು ಕೊಡದೆ ಎದ್ದು ಹೋಯಿತು.

ನಾನು ಆಡುವುದು ರಾತ್ರಿ ಹನ್ನೊಂದರ ಮೇಲೆ,
ಅವರು ಹಾಲಿನ ಟ್ಯಾಂಕರು ಹತ್ತಿ ಹೋದ ಮೇಲೆ.
ಮೇಜಿಗೂ ಮಂಚಕ್ಕೂ ಎರಡು ಮೊಳ.
ಮಂಚದಲ್ಲಿ ಮನಸ್ವಿ,
ಸೊಳ್ಳೆ ಗುಂಯ್ ಎಂದರೂ ಏಳುವವಳು.

ಹೊಸದನ್ನೇ ಕಟ್ಟಿಸಿಕೊಂಡೆ.

ಹಗಲೆಲ್ಲ ಫ್ಲೆಕ್ಸಿನಂಗಡಿಯಲ್ಲಿ
ಹುಟ್ಟುಹಬ್ಬದ ಮುಖಂಡರ ಕೆನ್ನೆ ಬೆಳ್ಳಗೆ ಮಾಡಿ
ಗದ್ದದ ಕೆಳಗೆ ನೆರಳಿಟ್ಟು
ಬೆನ್ನಿಗೊಂದು ಸೂರ್ಯೋದಯ ಕೂರಿಸುವವಳು
ರಾತ್ರಿ ಕೂತು ಒಂದೊಂದೇ ಕಳೆಯುತ್ತೇನೆ:
ನೆರಳು: ಇಲ್ಲ.
ನೀರು: ಕಡಿಮೆ.
ಹುಲ್ಲು: ಕಡಿಮೆ.
ದೂರ: ಮಧ್ಯಮ.

ಇನ್ನೊಂದನ್ನು ಅರಸೀಕೆರೆಯ ಹುಡುಗನೊಬ್ಬ ಒಯ್ದನಂತೆ.
ಪೆನ್‌ಡ್ರೈವಿನ ನೆಪದಲ್ಲಿ ಹೋದಾಗಲೆಲ್ಲ ಕೇಳುತ್ತೇನೆ,
ಕೆಟ್ಟು ವಾಪಸು ಬಂತು ಎಂದಾನೇನೋ ಎಂದು.
"ಸಕತ್ತಾಗಿ ಓಡ್ತಿದೆಯಂತೆ ಅಕ್ಕ."
ಒಳ್ಳೇದಾಯ್ತು ಬಿಡು, ಎನ್ನುತ್ತೇನೆ.
ಕೆಳಗಿಳಿದು ಎರಡು ಬನ್ನು ಕಟ್ಟಿಸಿಕೊಳ್ಳುತ್ತೇನೆ.

ಆದರೂ, ಬೋಳು ಬಯಲಿಗೆ ಕುದುರೆ ಬಿಟ್ಟರೆ
ಇಪ್ಪತ್ತು ಹೆಜ್ಜೆ ಮುಂದೆ, ನಾನು ಹೋದ ಹಾಗೆಲ್ಲ,
ಫಕ್ಕನೆ ನೆಲದಿಂದ ಹುಲ್ಲು ಏಳುತ್ತದೆ.
ದಾಟಿ ಹೋಗಿ ತಿರುಗಿ ನೋಡಿದರೆ ಇಲ್ಲ.
ಮೊನ್ನೆ ನೀರಡಿಕೆಗೆ ಎದ್ದ ಮನಸ್ವಿ
ಬೆನ್ನ ಹಿಂದೆ ಎಷ್ಟೋ ಹೊತ್ತು ನಿಂತಿದ್ದು ಕೇಳಿದಳು:
"ಅಮ್ಮ, ನೀನು ಬರ್ತೀಯ ಅಂತ
ಅದಕ್ಕೆ ಹೆಂಗೆ ಗೊತ್ತಾಗತ್ತೆ?"